ನಿಂತೇ ಸಾಗುವ ಪಯಣಿಗನಿಗೆ ಕಾಲೂರಲು ಜಾಗ ಕೊಡಿ

ಕೆಂಗೇರಿ ಉಪನಗರದಲ್ಲಿ ಮನೆ ಮಾಡಿದವರಿಗೆ ಮೈಸೂರು ರಸ್ತೆಯೇ ಅಂಗಳ. ಹಾಲಿನ ವ್ಯಾನು, ತರಕಾರಿ ಟೆಂಪೊ, ಮೊದಲ ಪಾಳಿಯ ಬಸ್ಸುಗಳ ನಡುವೆ ಬೆಳಗಿನ ಜಾವ ಒಮ್ಮೊಮ್ಮೆ ಎತ್ತರದ ಮೈಯ ಲಾರಿಯೊಂದು ಹಾದುಹೋಗುತ್ತದೆ. ಅದರ ಕಿಟಕಿಯ ಸರಳಿನಾಚೆ ಎರಡು ನಿಮಿರಿದ ಕಿವಿ, ಹಣೆಯ ಮೇಲೊಂದು ಬಿಳಿ ಚುಕ್ಕೆ. ರೇಸ್ ವಲಯದವರು ‘ಫ್ಲೋಟ್’ ಎನ್ನುವ ಕುದುರೆ ಗಾಡಿ ಅದು. ಬೆಂಗಳೂರು ಟರ್ಫ್ ಕ್ಲಬ್ಬಿನ ಲಾಯಗಳಿಗೂ 1891ರಲ್ಲಿ ಶುರುವಾದ ಮೈಸೂರು ರೇಸ್ ಕ್ಲಬ್ಬಿಗೂ ನಡುವೆ ಪಂದ್ಯದ ಕುದುರೆಗಳನ್ನು ಕರೆದೊಯ್ಯುವ ಗಾಡಿಗಳಿಗೆ ಈ ಕಡೆಯ ರಸ್ತೆಗಳೇ ದಾರಿ. ಮದುವೆಯ ಕಾಲ ಬಂತೆಂದರೆ ಇನ್ನೊಂದು ಬಗೆಯ ಪಯಣಿಗರೂ ಕಾಣಿಸುತ್ತಾರೆ. ಸಾಮಾನು ಸಾಗಿಸುವ ಸಣ್ಣ ಟೆಂಪೊದ ಹಿಂದೆ ನಿಂತ ಬಿಳಿ ಕುದುರೆ, ಪಕ್ಕದಲ್ಲಿ ಜರಿ ಹೊದಿಕೆಯ ಗಂಟು, ಅದರ ಮೇಲೆ ಕುಳಿತ ಹುಡುಗ.

ಅಂಥದೊಂದು ಕುದುರೆ ನಮ್ಮ ಬಡಾವಣೆಯ ಕಲ್ಯಾಣ ಮಂಟಪದ ಮುಂದೆ ಇಳಿಯುವುದನ್ನು ಒಂದು ಸಂಜೆ ಹತ್ತಿರದಿಂದ ನೋಡಿದೆ. ಚಳಿಗಾಲ, ಬಿಸಿಲಿನ ಸುಳಿವಿಲ್ಲ. ಆದರೂ ಅದರ ಕೊರಳು ಬೆವರಿನಿಂದ ತೊಯ್ದಿತ್ತು. ಹಿಂಗಾಲಿನ ಗೆಣ್ಣಿನ ಹತ್ತಿರ ಕೂದಲು ಕಿತ್ತು ಚರ್ಮ ಕೆಂಪಾಗಿತ್ತು. ನೆಲಕ್ಕೆ ಕಾಲಿಟ್ಟ ಮೇಲೂ ಮಂಡಿಗಳ ನಡುಕ ನಿಲ್ಲಲಿಲ್ಲ.

“ಯಾಕಪ್ಪಾ ಇಷ್ಟೊಂದು ಬೆವತಿದೆ?” ಎಂದು ಕೇಳಿದೆ.

“ದಾರಿ ಪೂರ್ತಿ ಒದ್ದಾಡ್ತಾನೇ ಇತ್ತು ಸಾರ್, ನಿಲ್ಲಕ್ಕೇ ಆಗ್ತಿರ್ಲಿಲ್ಲ” ಎಂದ ಹುಡುಗ. ಅವನ ದನಿಯಲ್ಲಿ ಅದರ ಮೇಲೆ ಮರುಕವಿತ್ತು.

ಟೆಂಪೊದೊಳಗೆ ಇಣುಕಿದರೆ ಕಾರಣ ಕಣ್ಣೆದುರೇ ಇತ್ತು. ಕೆಳಗೆ ಬರೀ ತಗಡು, ಅದರ ಮೇಲೆ ಕುದುರೆಯದೇ ಮೂತ್ರ ಹರಿದು ಜಾರುತ್ತಿತ್ತು. ತಲೆಯನ್ನು ಕ್ಯಾಬಿನ್ನಿನ ಕಂಬಿಗೆ ಒಂದು ಗೇಣು ಹಗ್ಗದಲ್ಲಿ ಬಿಗಿದಿದ್ದರು. ನಾಲ್ಕು ಕಬ್ಬಿಣದ ಲಾಳಗಳನ್ನು ಒದ್ದೆ ತಗಡಿನ ಮೇಲೆ ಊರಿ, ಕತ್ತು ಆಡಿಸಲೂ ಆಗದೆ, ಆ ಪ್ರಾಣಿ ನಗರದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಂತು ಬಂದಿತ್ತು. ಹುಡುಗನಿಗೆ ಕುದುರೆಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಗಾಡಿಯೊಳಗೆ ಕುದುರೆಗೆ ಏನು ಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಕುದುರೆ ಸಾಕಿದವರಿಗೆ, ಬಾಡಿಗೆಗೆ ಕೊಡುವವರಿಗೆ, ಗಾಡಿ ಓಡಿಸುವವರಿಗೆ, ಮೆರವಣಿಗೆಗೆ ಕುದುರೆ ಕರೆಸುವವರಿಗೆ ನೆರವಾಗಲೆಂದು ಈ ಬರಹ.

ಗಾಡಿಯೊಳಗೆ ಕುದುರೆಗೆ ಬಿಡುವಿಲ್ಲ

ಕಂಬಿ ಹಿಡಿಯದೆ ಸಿಟಿ ಬಸ್ಸಿನಲ್ಲಿ ಒಮ್ಮೆ ನಿಂತು ನೋಡಿ. ನಾಯಂಡಹಳ್ಳಿಯಿಂದ ಕೆಂಗೇರಿಯವರೆಗೆ ಸಾಕು. ನೀವು ಯೋಚಿಸುವ ಮುಂಚೆಯೇ ಕಾಲುಗಳು ಅಗಲವಾಗುತ್ತವೆ. ಬ್ರೇಕ್ ಬಿದ್ದಾಗ ಮೈ ಮುಂದಕ್ಕೆ, ಬಸ್ ಹೊರಟಾಗ ಹಿಂದಕ್ಕೆ, ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತದೆ. ಇಳಿಯುವಾಗ ಮೀನಖಂಡದಲ್ಲಿ ಸಣ್ಣ ನೋವು. ರಸ್ತೆ ಕಾಣುವ ನಿಮಗೆ ಮುಂದೆ ಹಂಪ್ ಇದೆಯೆಂದು ಗೊತ್ತಾಗುತ್ತದೆ. ಮುಚ್ಚಿದ ಗಾಡಿಯೊಳಗಿನ ಕುದುರೆಗೆ ಆ ಸೂಚನೆಯೂ ಇಲ್ಲ. ಪ್ರತಿ ಕುಲುಕೂ ಅದಕ್ಕೆ ಅನಿರೀಕ್ಷಿತ.

ರೇಸ್ ಕುದುರೆಯೊಂದು 450ರಿಂದ 500 ಕಿಲೊ ತೂಗುತ್ತದೆ. ಸುಮ್ಮನೆ ನಿಂತಾಗಲೂ ಅದರ ತೂಕದಲ್ಲಿ ಹೆಚ್ಚುಕಡಿಮೆ ಶೇ 60ರಷ್ಟು ಮುಂಗಾಲುಗಳ ಮೇಲೆ ಬೀಳುತ್ತದೆ. ಉದ್ದನೆಯ ಕತ್ತು, ಭಾರವಾದ ತಲೆ ಮುಂದಕ್ಕೆ ಚಾಚಿಕೊಂಡಿರುವುದೇ ಇದಕ್ಕೆ ಕಾರಣ. ನಾಲ್ಕು ಕಾಲಿನ ಪ್ರಾಣಿ ಗಟ್ಟಿಯಾಗಿ ನಿಲ್ಲುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಕುದುರೆ ನಿಲ್ಲುವ ಬಗೆ ಶಾಲೆಯ ಬೆಂಚಿನಂತೆ: ಉದ್ದ ಜಾಸ್ತಿ, ಅಗಲ ಕಡಿಮೆ. ಹಿಂದೆ ಮುಂದೆ ತಳ್ಳಿದರೆ ತಡೆದುಕೊಳ್ಳುತ್ತದೆ, ಪಕ್ಕಕ್ಕೆ ತಳ್ಳಿದರೆ ವಾಲುತ್ತದೆ. ಹಾಗೆ ವಾಲದಿರಲು ಅದು ಕಾಲುಗಳನ್ನು, ಅದರಲ್ಲೂ ಹಿಂಗಾಲುಗಳನ್ನು, ಅಗಲಿಸುತ್ತದೆ. ತಲೆಯನ್ನು ಮೇಲೆ ಕೆಳಗೆ, ಅತ್ತ ಇತ್ತ ಆಡಿಸಿ ತೂಕ ಸರಿದೂಗಿಸುತ್ತದೆ. ಹಗ್ಗದ ಮೇಲೆ ನಡೆಯುವ ದೊಂಬರಾಟದವನ ಕೈಯಲ್ಲಿರುವ ಉದ್ದನೆಯ ಕೋಲಿನಂತೆ ಕುದುರೆಗೆ ಅದರ ಕತ್ತು.

ಹೀಗೆ ಬಿಡುವಿಲ್ಲದೆ ಸ್ನಾಯು ಬಿಗಿಮಾಡಿ ಸಡಿಲಿಸುವುದರಲ್ಲಿ ಕುದುರೆ ಖರ್ಚು ಮಾಡುವ ಶಕ್ತಿ, ಅಷ್ಟೇ ಹೊತ್ತು ನಡೆದರೆ ಆಗುವ ಖರ್ಚಿಗೆ ಹತ್ತಿರ ಬರುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ‘ಗಾಡೀಲಿ ಆರಾಮಾಗಿ ಬಂತು’ ಎಂಬ ಮಾತು ಆದ್ದರಿಂದ ಸರಿಯಲ್ಲ. ಮೂರು ಗಂಟೆ ಪಯಣಿಸಿದ ಕುದುರೆ ಮೂರು ಗಂಟೆ ದುಡಿದಿದೆ.

ಇಡೀ ವಿಷಯ ಇಷ್ಟರಲ್ಲೇ ಇದೆ. ಕುದುರೆಗೆ ಸಮತೋಲ ಕಲಿಸಬೇಕಾಗಿಲ್ಲ, ಅದು ಹುಟ್ಟಿನಿಂದಲೇ ಬಂದದ್ದು. ಆ ಸಮತೋಲಕ್ಕೆ ನಾವು ಅಡ್ಡಿಯಾಗಬಾರದು. ಕಾಲಿಗೆ ಹಿಡಿತ, ಕಾಲು ಅಗಲಿಸಲು ಜಾಗ, ಕತ್ತಿಗೆ ಸಡಿಲ, ಚಾಲಕನಿಗೆ ತಾಳ್ಮೆ: ಈ ನಾಲ್ಕು ಇದ್ದರೆ ಉಳಿದದ್ದನ್ನು ಕುದುರೆಯೇ ನೋಡಿಕೊಳ್ಳುತ್ತದೆ.

ಮೊದಲು ನೆಲ

ಗಾಡಿ ನೋಡುವಾಗ ಬಣ್ಣ ನೋಡಬೇಡಿ, ನೆಲ ನೋಡಿ. ಮರದ ಹಲಗೆಯ ನೆಲವಾದರೆ ಮೇಲಿನ ಹಾಸು ಎತ್ತಿ, ಹಲಗೆಯ ಅಂಚುಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಮೂತ್ರ ಇಳಿದಿಳಿದು ಮರ ಒಳಗೇ ಕೊಳೆತಿರುತ್ತದೆ, ಮೇಲಿಂದ ಗೊತ್ತಾಗುವುದಿಲ್ಲ. ತಗಡಿನ ನೆಲವಾದರೆ ತುಕ್ಕು ಹಿಡಿದ ಜಾಗ ಹುಡುಕಿ. ಅರೆಟನ್ ತೂಕ ನಾಲ್ಕು ಗೊರಸುಗಳ ಮೇಲೆ ನಿಂತಿರುತ್ತದೆ. ಕುಲುಕಿದಾಗ ಅಷ್ಟೂ ಭಾರ ಒಂದೆರಡು ಗೊರಸಿನ ಮೇಲೆಯೇ ಬೀಳಬಹುದು.

ನೆಲ ಗಟ್ಟಿಯಿದ್ದರೆ ಮೇಲೆ ದಪ್ಪ ರಬ್ಬರ್ ಮ್ಯಾಟ್ ಹಾಸಿ. ದನದ ಕೊಟ್ಟಿಗೆಗೆ ಹಾಸುವ ಗೀರು ಗೀರಾದ ಮ್ಯಾಟ್ ನಡೆಯುತ್ತದೆ. ಅದು ಗೋಡೆಯಿಂದ ಗೋಡೆಗೆ ಸರಿಯಾಗಿ ಕೂರಬೇಕು, ಮೂಲೆ ಮಡಚಿಕೊಳ್ಳಬಾರದು. ಮ್ಯಾಟೇ ಸರಿದರೆ ಬರಿ ತಗಡಿಗಿಂತ ಅಪಾಯ. ಅದರ ಮೇಲೆ ಭತ್ತದ ಹುಲ್ಲು ಅಥವಾ ದೂಳಿಲ್ಲದ ಮರದ ಹೊಟ್ಟು ಹರಡಿ. ಇದು ಮೂತ್ರ ಹೀರುತ್ತದೆ, ಸದ್ದು ತಗ್ಗಿಸುತ್ತದೆ. ಕೆಳಗೆ ಒದ್ದೆಯಾದರೆ ಲಾಳ ಜಾರುತ್ತದೆ ಎಂಬ ಹೆದರಿಕೆಗೆ ಅನೇಕ ಕುದುರೆಗಳು ಗಾಡಿಯಲ್ಲಿ ಮೂತ್ರವನ್ನೇ ತಡೆದುಕೊಳ್ಳುತ್ತವೆ. ಹುಲ್ಲು ಹಾಸಿದರೆ ಆ ಸಂಕಟವೂ ಕಡಿಮೆ.

ಸಂಚಾರಕ್ಕೆ ಮುಂಚೆ ಲಾಳವನ್ನೂ ಪರೀಕ್ಷಿಸಿ. ಮೊಳೆ ಸಡಿಲಾದ ಲಾಳ ದಾರಿಯಲ್ಲಿ ಕಳಚಿದರೆ ಕುದುರೆ ಅದರ ಮೊಳೆಯ ಮೇಲೆಯೇ ಕಾಲಿಡಬಹುದು.

ಕಾಲು ಅಗಲಿಸಲು ಜಾಗ

ಕುದುರೆಯನ್ನು ಇಕ್ಕಟ್ಟಾಗಿ ನಿಲ್ಲಿಸಿದರೆ ಬೀಳುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಆಗುವುದು ಅದಕ್ಕೆ ತದ್ವಿರುದ್ಧ. ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡ ಕುದುರೆಗೆ ಕಾಲು ಹೊರಗಿಡಲು ಜಾಗವಿಲ್ಲ. ತಿರುವಿನಲ್ಲಿ ಮೈ ವಾಲಿದಾಗ ಕಾಲು ಗೋಡೆಗೆ ತಾಗುತ್ತದೆ. ಗಾಬರಿಗೊಂಡ ಕುದುರೆ ಎದುರು ಗೋಡೆಗೆ ಮೈಯೊರಗಿಸಿ ಕಾಲಿನಿಂದ ಗೋಡೆಯನ್ನೇ ಹತ್ತತೊಡಗುತ್ತದೆ. ಗಾಡಿಯೊಳಗಿಂದ ಕೇಳುವ ಆ ಧಡಧಡ ಸದ್ದನ್ನು ಚಾಲಕರು ‘ತುಂಟತನ’ ಎನ್ನುತ್ತಾರೆ. ಅದು ತುಂಟತನವಲ್ಲ, ಬೀಳದಿರಲು ನಡೆಸುವ ಹೋರಾಟ.

ಎರಡು ಕುದುರೆಗಳ ನಡುವಿನ ಅಡ್ಡಗೋಡೆ ನೆಲದವರೆಗೆ ಬರಬೇಕಾಗಿಲ್ಲ. ಮೈಯ ಮಟ್ಟಕ್ಕೆ ಗಟ್ಟಿ ತಡೆ, ಅದರ ಕೆಳಗೆ ತೆರವು, ಅಥವಾ ಒಂದರ ಕಾಲು ಇನ್ನೊಂದಕ್ಕೆ ತಾಗದಂತೆ ಇಳಿಬಿಟ್ಟ ಮೆತ್ತನೆಯ ರಬ್ಬರ್ ಪರದೆ ಇದ್ದರೆ ಕಾಲುಗಳಿಗೆ ಬೇಕಾದ ಅಗಲ ಸಿಗುತ್ತದೆ. ಎಂದೂ ಶಾಂತವಾಗಿರುವ ಕುದುರೆ ಒಂದು ಗಾಡಿಯಲ್ಲಿ ಮಾತ್ರ ಒದ್ದಾಡುತ್ತಿದ್ದರೆ ಮೊದಲು ಅಡ್ಡಗೋಡೆ ಸರಿಸಿ ನೋಡಿ. ಜಾಗ ಕೊಟ್ಟ ಮೇಲೆ ಕುದುರೆ ತಾನಾಗಿ ತಣ್ಣಗಾದ ಉದಾಹರಣೆಗಳು ಬೇಕಾದಷ್ಟಿವೆ.

ಎದೆಗೆ ಅಡ್ಡವಾಗಿ ಬರುವ ಕಂಬಿ, ಹಿಂದಿನ ಕಂಬಿ ಎರಡಕ್ಕೂ ದಪ್ಪ ಮೆತ್ತೆ ಸುತ್ತಿರಬೇಕು. ಎದೆಗಂಬಿ ಕುದುರೆಯ ಎದೆಯ ನಡುಮಟ್ಟಕ್ಕೆ ಬರಲಿ. ಮೇಲಾದರೆ ಗಂಟಲಿಗೆ ಒತ್ತುತ್ತದೆ, ಕೆಳಗಾದರೆ ಬ್ರೇಕ್ ಹಾಕಿದಾಗ ಮುಗ್ಗರಿಸಿ ಅದರ ಮೇಲೆ ಬೀಳುತ್ತದೆ. ಕುದುರೆ ಗಾಬರಿಯಲ್ಲಿ ಕಂಬಿ ದಾಟಿಬಿಟ್ಟರೆ ಹೊರಗಿನಿಂದಲೇ ಕಳಚುವ ಏರ್ಪಾಟು ಇರುವುದು ಒಳ್ಳೆಯದು.

ಮುಖ ಯಾವ ಕಡೆಗಿರಲಿ?

ಕುದುರೆ ಬಲ್ಲವರ ನಡುವೆ ಇದು ಬಹಳ ಕಾಲದ ಚರ್ಚೆ. ಗಾಡಿ ಚಲಿಸುವ ದಿಕ್ಕಿಗೇ ಮುಖಮಾಡಿ ನಿಲ್ಲಿಸುವುದು ವಾಡಿಕೆ. ಆದರೆ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ನುಗ್ಗಿ, ಮೊದಲೇ ಹೊರೆ ಹೊತ್ತ ಮುಂಗಾಲುಗಳ ಮೇಲೆ ಬೀಳುತ್ತದೆ. ಕುದುರೆ ತಲೆಯೆತ್ತಿ ಹಿಂದಕ್ಕೆ ಜಗ್ಗಿ ಅದನ್ನು ತಡೆಯುತ್ತದೆ. ಹಿಂದಕ್ಕೆ ಮುಖಮಾಡಿ ನಿಂತ ಕುದುರೆಗಾದರೆ ಬ್ರೇಕಿನ ಹೊಡೆತ ತುಂಬು ಮಾಂಸದ ಹಿಂಭಾಗಕ್ಕೆ ಬೀಳುತ್ತದೆ, ತಲೆ ಕತ್ತು ಸುರಕ್ಷಿತ. ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ನಡೆದ ಹಲವು ಅಧ್ಯಯನಗಳಲ್ಲಿ ಹಿಮ್ಮುಖವಾಗಿ ನಿಂತ ಕುದುರೆಗಳು ಗೋಡೆಗೆ ತಾಗುವುದು, ತತ್ತರಿಸುವುದು ಕಡಿಮೆಯೆಂದು ಕಂಡಿದೆ. ಕಟ್ಟದೆ ಬಿಟ್ಟರೆ ಕೆಲವು ಕುದುರೆಗಳು ತಾವಾಗಿ ಹಿಂದಕ್ಕೆ ಇಲ್ಲವೇ ಓರೆಗೆ ತಿರುಗಿ ನಿಲ್ಲುತ್ತವೆ. ಎಲ್ಲ ಕುದುರೆಗಳಿಗೂ ಒಂದೇ ಇಷ್ಟವಿಲ್ಲ ಎಂಬುದೂ ಅದೇ ಅಧ್ಯಯನಗಳಿಂದ ತಿಳಿದ ಮಾತು.

ಹಾಗೆಂದು ಮುಮ್ಮುಖವಾಗಿ ನಿಲ್ಲಿಸಲೆಂದೇ ಮಾಡಿದ ಟ್ರೇಲರಿನಲ್ಲಿ ಕುದುರೆಯನ್ನು ಸುಮ್ಮನೆ ತಿರುಗಿಸಿ ಕಟ್ಟಬೇಡಿ. ಕಂಬಿಯ ಎತ್ತರ, ಮೆತ್ತೆಯ ಜಾಗ, ಚಕ್ರದ ಮೇಲಿನ ಭಾರ ಎಲ್ಲವೂ ಏರುಪೇರಾಗುತ್ತವೆ.

ಲಾರಿಗೆ ನಮ್ಮ ಕಾನೂನೇ ಒಂದು ಸೂಚನೆ ಕೊಟ್ಟಿದೆ. ಎದುರಿನಿಂದ, ಪಕ್ಕದಿಂದ ನುಗ್ಗುವ ವಾಹನಗಳಿಗೆ ಹೆದರದಂತೆ ಕುದುರೆಯ ತಲೆ ಎಡಕ್ಕೆ, ಅಂದರೆ ರಸ್ತೆಯಂಚಿನ ಕಡೆಗೆ ಇರಬೇಕು. ಪೂರ್ತಿ ಅಡ್ಡಡ್ಡ ನಿಲ್ಲಿಸಿದರೆ ಬ್ರೇಕಿನ ಹೊಡೆತ, ಮೇಲೆ ಹೇಳಿದ ಬೆಂಚಿನಂತೆ, ಕುದುರೆಯ ಕಿರಿದಾದ ಅಗಲದ ಕಡೆಗೆ ಬೀಳುತ್ತದೆ. ಆದ್ದರಿಂದ ತಲೆ ಎಡಕ್ಕಿರುವಂತೆ ಓರೆಯಾಗಿ ನಿಲ್ಲಿಸುವುದು ಉತ್ತಮ. ನಿಯಮವೂ ಪಾಲನೆಯಾಗುತ್ತದೆ, ಕಾಲಿಗೂ ಆಸರೆ ಸಿಗುತ್ತದೆ.

ಜೋಡಿ ಕುದುರೆಯ ಟ್ರೇಲರಿನಲ್ಲಿ ಒಂದನ್ನೇ ಒಯ್ಯುವಾಗ ಬಲಭಾಗದಲ್ಲಿ, ಎಂದರೆ ಚಾಲಕನ ಹಿಂದೆ ನಿಲ್ಲಿಸಿ. ಎರಡಿದ್ದರೆ ಭಾರದ್ದು ಬಲಕ್ಕೆ. ನಮ್ಮ ರಸ್ತೆಗಳು ನಡುವೆ ಉಬ್ಬಿ ಎಡ ಅಂಚಿಗೆ ಇಳಿಜಾರಾಗಿರುತ್ತವೆ. ಭಾರ ಎಡಕ್ಕಿದ್ದರೆ ಗಾಡಿ ಇನ್ನಷ್ಟು ಎಡಕ್ಕೆ ಎಳೆಯುತ್ತದೆ.

ಹಗ್ಗದ ಉದ್ದ

ಬಿಗಿಯಾಗಿ ಕಟ್ಟುವುದು ಕ್ಷೇಮ ಎಂದು ನಂಬಿದವರು ಇದನ್ನು ಮತ್ತೆ ಮತ್ತೆ ಓದಬೇಕು. ತಲೆ ಅಲುಗಾಡದಂತೆ ಕಟ್ಟಿದರೆ ಎರಡು ಕೇಡು. ಒಂದು, ದೊಂಬರಾಟದವನ ಕೈಯಿಂದ ತೂಕ ಸರಿದೂಗಿಸುವ ಕೋಲನ್ನೇ ನಾವು ಕಸಿದುಕೊಂಡಂತೆ. ಇನ್ನೊಂದು ಕೇಡು ಕಣ್ಣಿಗೆ ಕಾಣುವುದಿಲ್ಲ. ಮೇವಿನ ಕಣ, ದೂಳು, ಕಫ ಶ್ವಾಸನಾಳದಿಂದ ಹೊರಹೋಗಲು ಕುದುರೆ ತಲೆಯನ್ನು ಎದೆಯ ಮಟ್ಟಕ್ಕಿಂತ ಕೆಳಗಿಳಿಸಿ ಸೀನಬೇಕು, ಕೆಮ್ಮಬೇಕು. ಗಂಟೆಗಟ್ಟಲೆ ತಲೆಯೆತ್ತಿಯೇ ಕಟ್ಟಿದ್ದರೆ ಸೂಕ್ಷ್ಮಜೀವಿಗಳು ಶ್ವಾಸಕೋಶದಲ್ಲಿ ಬೆಳೆಯುತ್ತವೆ. ದೂರ ಪಯಣಿಸಿದ ಕುದುರೆಗಳಿಗೆ ಬರುವ ಪ್ರಯಾಣ ಜ್ವರಕ್ಕೆ, ಜೀವಕ್ಕೇ ಎರವಾಗಬಲ್ಲ ನ್ಯುಮೋನಿಯಾಕ್ಕೆ, ಇದು ದೊಡ್ಡ ಕಾರಣ.

ಹಗ್ಗ ಎಷ್ಟುದ್ದ ಇರಬೇಕು? ತಲೆ ಎದೆಯ ಮಟ್ಟಕ್ಕಿಂತ ಕೆಳಗೆ ಬರಬೇಕು, ಆದರೆ ಮುಂಗಾಲು ಹಗ್ಗದ ಮೇಲೆ ದಾಟುವಷ್ಟು ಉದ್ದ ಇರಬಾರದು. ಪಕ್ಕದ ಕುದುರೆಯನ್ನು ಕಚ್ಚುವಷ್ಟು ತಿರುಗಲೂ ಆಗಬಾರದು. ಹಗ್ಗವನ್ನು ನೇರವಾಗಿ ಕಬ್ಬಿಣದ ಬಳೆಗೆ ಕಟ್ಟದೆ, ಬಳೆಗೊಂದು ಸಣಬಿನ ಹುರಿಯ ಕುಣಿಕೆ ಹಾಕಿ ಅದಕ್ಕೆ ಕಟ್ಟಿ. ಕುದುರೆ ಬಿದ್ದರೆ ಹುರಿ ಕಿತ್ತುಹೋಗುತ್ತದೆ, ಕತ್ತು ಉಳಿಯುತ್ತದೆ. ಗಂಟು ಒಂದೇ ಎಳೆತಕ್ಕೆ ಬಿಚ್ಚುವ ಜಾರುಗಂಟಾಗಿರಲಿ. ಬಾಯಿಗೆ ಲಗಾಮು ಹಾಕಿ ಕಟ್ಟುವುದು ಬೇಡವೇ ಬೇಡ, ಮೆತ್ತನೆಯ ಹಾಲ್ಟರ್ ಸಾಕು. ಹತ್ತಿಸುವಾಗ ಮೊದಲು ಹಿಂದಿನ ಕಂಬಿ ಹಾಕಿ ಆಮೇಲೆ ತಲೆ ಕಟ್ಟಿ. ಇಳಿಸುವಾಗ ಮೊದಲು ತಲೆ ಬಿಚ್ಚಿ ಆಮೇಲೆ ಹಿಂದಿನ ಕಂಬಿ ತೆಗೆಯಿರಿ. ತಲೆ ಕಟ್ಟಿರುವಾಗ ಹಿಂದೆ ತೆರೆದು ಸಿಕ್ಕರೆ ಕುದುರೆ ಹಿಂದಕ್ಕೆ ಜಗ್ಗುತ್ತದೆ. ಅವಘಡಗಳು ಆಗುವುದೇ ಆ ಗಳಿಗೆಯಲ್ಲಿ.

ಹತ್ತಿಸುವುದನ್ನು ಮುಂಚೆಯೇ ಕಲಿಸಿ

ಟಿಪ್ಪು ಸುಲ್ತಾನನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್‌ನಂಥ ಊರಿನಲ್ಲಿ ಹುಟ್ಟಿದ ಮರಿಯೂ ಒಂದಲ್ಲ ಒಂದು ದಿನ ಮೊದಲ ಸಲ ಗಾಡಿ ಹತ್ತಲೇಬೇಕು. ಆ ಮೊದಲ ದಿನದ ನೆನಪು ಕುದುರೆಗೆ ಬಹಳ ಕಾಲ ಉಳಿಯುತ್ತದೆ. ಬಯಲಿನ ಪ್ರಾಣಿಗೆ ಕತ್ತಲೆಯ ಗೂಡು ಎಂದರೆ ಭಯ. ಕಾಲಿಟ್ಟ ಹಲಗೆ ಟೊಳ್ಳು ಸದ್ದು ಮಾಡಿದರೆ ಇನ್ನೂ ಭಯ.

ಹೊರಡುವ ದಿನಕ್ಕೆ ಕೆಲವು ವಾರ ಮುಂಚೆಯೇ ಅಭ್ಯಾಸ ಶುರುವಾಗಲಿ. ನಿಂತ ಗಾಡಿಯ ಹತ್ತಿರ ಮೇವು ತಿನ್ನಿಸಿ. ಇನ್ನೊಂದು ದಿನ ಇಳಿಜಾರು ಹಲಗೆಯ ಮೇಲೆ ಮುಂಗಾಲಿಡಿಸಿ, ಮತ್ತೆ ಇಳಿಸಿ. ಒಳಗೆ ಹೋಗಿ ಒಂದು ಹಿಡಿ ಹುರುಳಿ ತಿಂದು ಹೊರಬರಲಿ. ಆಮೇಲೆ ಕಂಬಿ ಹಾಕಿ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ, ಕೊನೆಗೆ ಬಡಾವಣೆಯೊಳಗೇ ಐದು ನಿಮಿಷದ ಸುತ್ತು. ಗಾಡಿಯೊಳಗೆ ಬೆಳಕಿರಲಿ, ಮುಂದಿನ ಚಿಕ್ಕ ಬಾಗಿಲು ತೆರೆದಿರಲಿ. ದಾರಿ ಬಲ್ಲ ಹಳೆಯ ಕುದುರೆಯೊಂದನ್ನು ಮೊದಲು ಹತ್ತಿಸಿದರೆ ಹೊಸದಕ್ಕೆ ಧೈರ್ಯ ಬರುತ್ತದೆ. ಹಿಂದಿನಿಂದ ಬಾರಿಸಿ, ಕಿರುಚಿ ಹತ್ತಿಸಿದ ಕುದುರೆ ಬೆದರಿಕೆಯಲ್ಲೇ ಪಯಣ ಶುರುಮಾಡುತ್ತದೆ. ಬೆದರಿ ಬಿಗಿದುಕೊಂಡ ಮೈಗೆ ಕುಲುಕನ್ನು ತಾಳಿಕೊಳ್ಳುವ ಮೃದುತನ ಇರುವುದಿಲ್ಲ.

ಹಲಗೆಯ ಇಳಿಜಾರು ಕಡಿದಾಗಿದ್ದರೆ ಗಾಡಿಯನ್ನು ರಸ್ತೆಯ ತಗ್ಗಿನಲ್ಲಿ ನಿಲ್ಲಿಸಿ, ದಿಣ್ಣೆಯ ಕಡೆಗೆ ಹಲಗೆ ಇಳಿಸಿ. ಇಟ್ಟಿಗೆ ಜೋಡಿಸಿ, ಗೋಡೆಯಂಚಿನಿಂದ ನೆಗೆಸಿ ಹತ್ತಿಸುವ ಪದ್ಧತಿಯನ್ನು ಬಿಟ್ಟುಬಿಡಿ. ಕಾಲಿಗೆ ದಪ್ಪ ಹತ್ತಿಯಿಟ್ಟು ಪಟ್ಟಿ ಸುತ್ತಿ, ಬಾಲದ ಬುಡಕ್ಕೂ ಒಂದು ಪಟ್ಟಿ ಹಾಕಿ. ಈ ಪಟ್ಟಿಗಳನ್ನೂ ಲಾಯದಲ್ಲೇ ಅಭ್ಯಾಸ ಮಾಡಿಸಿರಬೇಕು.

ಹಿಂದೆ ಕರಗ ನಿಂತಿದೆ ಎಂದುಕೊಳ್ಳಿ

ಇಷ್ಟೆಲ್ಲ ಮಾಡಿದರೂ ಸ್ಟೀರಿಂಗ್ ಹಿಡಿದವರ ಕೈಯಲ್ಲಿ ಎಲ್ಲವೂ ನಿಂತಿದೆ. ಬೆಂಗಳೂರಿನವರಿಗೆ ಇದನ್ನು ಹೇಳುವುದು ಸುಲಭ: ಗಾಡಿಯ ಹಿಂದೆ ತಲೆಯ ಮೇಲೆ ಕರಗ ಹೊತ್ತವರು ನಿಂತಿದ್ದಾರೆ ಎಂದುಕೊಂಡು ಓಡಿಸಿ.

ಉಪನಗರದ ಒಳರಸ್ತೆಗಳಲ್ಲಿ ಹಂಪ್‌ಗಳೇ ಹೆಚ್ಚು. ಒಂದೊಂದನ್ನೂ ಮೊದಲ ಗೇರಿನಲ್ಲಿ, ನಡಿಗೆಯ ವೇಗದಲ್ಲಿ ದಾಟಿ. ಮುಂದಿನ ಚಕ್ರ ದಾಟಿತೆಂದು ವೇಗ ಹೆಚ್ಚಿಸಬೇಡಿ, ಹಿಂದಿನ ಚಕ್ರ ಇಳಿಯುವಾಗಲೇ ಕುದುರೆಗೆ ದೊಡ್ಡ ಕುಲುಕು. ಕೆಂಗೇರಿ ಬಸ್ ನಿಲ್ದಾಣದ ಸುತ್ತ, ಮೆಟ್ರೊ ಕಂಬಗಳ ಉದ್ದಕ್ಕೂ ಬಸ್ಸು ಆಟೊಗಳು ದಿಢೀರನೆ ನಿಲ್ಲುತ್ತವೆ. ಮುಂದಿನ ವಾಹನದಿಂದ ನೀವು ಬಿಡುವ ಅಂತರ ಎಂದಿನ ಎರಡರಷ್ಟಿರಲಿ. ಆ ಅಂತರದಲ್ಲಿ ಬೈಕು ನುಗ್ಗುತ್ತದೆ, ನುಗ್ಗಲಿ. ಮತ್ತೆ ಹಿಂದೆ ಸರಿಯಿರಿ.

ತಿರುವಿಗೆ ಬರುವ ಮುಂಚೆಯೇ ವೇಗ ಇಳಿಸಿ. ತಿರುವಿನ ನಡುವೆ ಬ್ರೇಕ್ ಹಾಕಿದರೆ ಕುದುರೆ ಒಂದೇ ಕಾಲಕ್ಕೆ ಮುಂದಕ್ಕೂ ಪಕ್ಕಕ್ಕೂ ವಾಲಬೇಕಾಗುತ್ತದೆ. ಗಾಡಿ ಪೂರ್ತಿ ನೆಟ್ಟಗಾದ ಮೇಲೆ ಮಾತ್ರ ಆಕ್ಸಿಲರೇಟರ್ ಒತ್ತಿ. ಮೈಸೂರು ರಸ್ತೆಯಿಂದ ನೈಸ್ ರಸ್ತೆಗೆ ಹತ್ತಿಳಿಯುವ ಸುತ್ತುದಾರಿಯಂಥ ದೀರ್ಘ ತಿರುವುಗಳಲ್ಲಿ ಕುದುರೆ ಒಂದೇ ಬದಿಗೆ ಭಾರ ಹಾಕಿ ಬಹಳ ಹೊತ್ತು ನಿಲ್ಲಬೇಕು. ಅಲ್ಲಿ ಒಂದೇ ಸಮನಾದ ನಿಧಾನ ವೇಗವೇ ಮದ್ದು.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹಂಪ್‌ಗಳ ಕಾಟ ಕಡಿಮೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಪೇಟೆಗಳೊಳಗೆ ನುಗ್ಗುವುದೂ ಬೇಕಾಗಿಲ್ಲ. ಕುದುರೆಗೆ ಇದು ಒಳ್ಳೆಯದೇ. ಅಪಾಯ ಇರುವುದು ಆ ರಸ್ತೆ ಚಾಲಕರಲ್ಲಿ ಹುಟ್ಟಿಸುವ ಅವಸರದಲ್ಲಿ. ವೇಗ ದುಪ್ಪಟ್ಟಾದರೆ ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಆ ದೂರ ಸಿಗದೆ ಬ್ರೇಕ್ ಒತ್ತಿದರೆ ಹಿಂದಿರುವ ಅರೆಟನ್ ಜೀವ ಎದೆಗಂಬಿಗೆ ಅಪ್ಪಳಿಸುತ್ತದೆ. ಬೆಳಗಿನ ಜಾವ ಬೇಗ ಹೊರಡಿ, ಎಡ ಲೇನ್ ಬಿಡಬೇಡಿ, ಆಗ ಅವಸರಕ್ಕೆ ಕಾರಣವೇ ಇರುವುದಿಲ್ಲ.

ಗಾಳಿ, ನೀರು, ನಿಲುಗಡೆ

ಹೊರಟು ಅರ್ಧ ಗಂಟೆಯಾದ ಮೇಲೆ ಒಂದು ಸಲ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಒಳಗೆ ನೋಡಿ. ಕಂಬಿ ಸಡಿಲಾಗಿದೆಯೆ, ಮ್ಯಾಟ್ ಸರಿದಿದೆಯೆ, ಬೆವರಿದೆಯೆ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ. ದೂರದ ದಾರಿಯಾದರೆ ಮೂರು ನಾಲ್ಕು ಗಂಟೆಗೊಮ್ಮೆ ನೆರಳಿನಲ್ಲಿ ಇಪ್ಪತ್ತು ನಿಮಿಷವಾದರೂ ನಿಲ್ಲಿಸಿ. ಗಾಡಿ ನಿಂತಾಗಲೇ ಕುದುರೆಯ ಸ್ನಾಯುಗಳಿಗೆ ಬಿಡುವು. ಆಗ ತಲೆ ಪೂರ್ತಿ ಕೆಳಗಿಳಿಯುವಂತೆ ಹಗ್ಗ ಸಡಿಲಿಸಿ, ನೀರು ಕೊಡಿ. ಹೆದ್ದಾರಿಯ ಬದಿಯಲ್ಲಿ ಮಾತ್ರ ಕುದುರೆಯನ್ನು ಇಳಿಸಬೇಡಿ.

ಕಿಟಕಿ ಮುಚ್ಚಿ ‘ಗಾಳಿ ಹೊಡೆಯುತ್ತದೆ’ ಎಂದು ಕಾಪಾಡುವುದು ತಪ್ಪು ಕಾಳಜಿ. ಕುದುರೆಗೆ ಚಳಿಗಿಂತ ಸೆಕೆಯೇ ಹೆಚ್ಚು ಅಪಾಯ. ಗಾಳಿ ಆಡಬೇಕು, ಆದರೆ ಕಣ್ಣಿಗೆ ನೇರ ಬೀಸಬಾರದು. ತಲೆ ಹೊರಗೆ ಚಾಚಲು ಬಿಡಬಾರದು. ಒಣಹುಲ್ಲನ್ನು ನೀರು ಚಿಮುಕಿಸಿ ಕೊಟ್ಟರೆ ದೂಳು ಏಳುವುದಿಲ್ಲ.

ಕಾನೂನು ಹೇಳುವುದು

ಪ್ರಾಣಿಗಳನ್ನು ನೋವಾಗುವಂತೆ ಸಾಗಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅದರಡಿ ಬಂದ 1978ರ ಪ್ರಾಣಿ ಸಾಗಣೆ ನಿಯಮಗಳಲ್ಲಿ ಕುದುರೆ, ಹೇಸರಗತ್ತೆ, ಕತ್ತೆಗಳಿಗೇ ಒಂದು ಅಧ್ಯಾಯವಿದೆ. ರಸ್ತೆ ಸಾಗಣೆಗೆ ಅದರ ಮುಖ್ಯ ಅಂಶಗಳು ಇವು:

• ಪಶುವೈದ್ಯರಿಂದ ಪಡೆದ ಆರೋಗ್ಯ ಪ್ರಮಾಣಪತ್ರ ಜೊತೆಗಿರಬೇಕು.
• ಹೊರಡುವ ಮುಂಚೆ ಮೇವು, ನೀರು ಕೊಟ್ಟಿರಬೇಕು. ದಾರಿಯಲ್ಲಿ ನೀರಿನ ಏರ್ಪಾಟು, ಪ್ರಥಮ ಚಿಕಿತ್ಸೆಯ ಸಾಮಗ್ರಿ ಇರಬೇಕು.
• ಹತ್ತಿಸಲು, ಇಳಿಸಲು ಇಳಿಜಾರು ಹಲಗೆ ಬಳಸಬೇಕು.
• ಸಾಮಾನು ಲಾರಿಯಾದರೆ ನೆಲಕ್ಕೆ ಜಾರದ ಹಾಸು ಕಡ್ಡಾಯ. ಪಕ್ಕದ ಗೋಡೆ ತಗ್ಗಾಗಿದ್ದರೆ ಎತ್ತರಿಸಬೇಕು.
• ಎರಡು ಕುದುರೆಗಳ ನಡುವೆ ಕನಿಷ್ಠ 8 ಸೆಂ.ಮೀ. ದಪ್ಪದ ಬಿದಿರಿನ ಗಳು, ಹಿಂದೆ ಬೀಳದಂತೆ ಎರಡು ಗಟ್ಟಿ ಪಟ್ಟಿ ಇರಬೇಕು.
• ತಲೆ ಎಡಕ್ಕಿರಬೇಕು. ಒಂದು ಗಾಡಿಯಲ್ಲಿ ನಾಲ್ಕರಿಂದ ಆರಕ್ಕಿಂತ ಹೆಚ್ಚು ಕುದುರೆ ಇರಕೂಡದು. ಜೊತೆಗೆ ಒಬ್ಬ ಸಹಾಯಕ ಇರಬೇಕು.
• ವೇಗ ಗಂಟೆಗೆ 35 ಕಿ.ಮೀ. ಮೀರಬಾರದು.

ಈ ವೇಗದಲ್ಲಿ 118 ಕಿ.ಮೀ. ಉದ್ದದ ಮೈಸೂರು ಹೆದ್ದಾರಿ ಮುಗಿಸಲು ಮೂರು ಗಂಟೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೇಕು. ನಿಲುಗಡೆ ಸೇರಿಸಿದರೆ ನಾಲ್ಕು ಗಂಟೆ. ಸಮಯದ ಲೆಕ್ಕ ಹಾಕುವಾಗ ಕಾರಿನ ಲೆಕ್ಕ ಹಾಕದೆ ಈ ಲೆಕ್ಕ ಹಾಕಿ.

ಬಿದಿರಿನ ಗಳು, ಜಾರದ ಹಾಸು, ಎರಡು ಪಟ್ಟಿ: ಇವುಗಳಲ್ಲಿ ದುಬಾರಿ ವಸ್ತು ಯಾವುದೂ ಇಲ್ಲ. ಸಣ್ಣ ಬಾಡಿಗೆಯಲ್ಲಿ ಬದುಕುವ ಕುದುರೆ ಮಾಲೀಕರೂ ಒಂದು ದಿನದಲ್ಲಿ ಟೆಂಪೊಗೆ ಅಳವಡಿಸಬಹುದು.

ದಾರಿಯಲ್ಲಿ ಕುದುರೆ ಬಿದ್ದರೆ

ಗಾಡಿಯನ್ನು ನಿಧಾನವಾಗಿ ಎಡಕ್ಕೆ ತಂದು ನಿಲ್ಲಿಸಿ, ಎಚ್ಚರಿಕೆಯ ದೀಪ ಹಾಕಿ. ಕುದುರೆಯ ಜೊತೆ ಗೂಡಿನೊಳಗೆ ಇಳಿಯಬೇಡಿ. ಬಿದ್ದ ಕುದುರೆ ಎದ್ದೇಳುವಾಗ ಬೇಕೆಂದೇ ಒದೆಯುವುದಿಲ್ಲ, ಆದರೆ ಆ ಒದೆತ ಮನುಷ್ಯನ ಜೀವವನ್ನೇ ತೆಗೆಯಬಹುದು. ಹಿಂಬಾಗಿಲನ್ನೂ ಒಮ್ಮೆಲೇ ತೆರೆಯಬೇಡಿ, ಕುದುರೆ ಹೆದ್ದಾರಿಗೆ ನುಗ್ಗಿದರೆ ಇನ್ನೊಂದು ಅನಾಹುತ. ಹೊರಗಿನಿಂದ ಕೈಗೆಟುಕಿದರೆ ತಲೆಯ ಹಗ್ಗ ಕತ್ತರಿಸಿ. ಅದಕ್ಕಾಗಿ ಹರಿತವಾದ ಚಾಕು ಕ್ಯಾಬಿನ್ನಿನಲ್ಲಿ ಯಾವಾಗಲೂ ಇರಲಿ. ಪರಿಚಿತ ದನಿಯಲ್ಲಿ ಮಾತಾಡಿಸುತ್ತಿರಿ. ಜಾಗ ಸಿಕ್ಕರೆ ಬಹುತೇಕ ಕುದುರೆಗಳು ತಾವಾಗಿ ಏಳುತ್ತವೆ. ಏಳದಿದ್ದರೆ ಪಶುವೈದ್ಯರನ್ನು ಕರೆಯಿರಿ. ಪಶು ಸಂಜೀವಿನಿ ಸಹಾಯವಾಣಿ 1962, ಹೆದ್ದಾರಿ ಸಹಾಯವಾಣಿ 1033, ಪೊಲೀಸ್ ನೆರವಿಗೆ 112. ಈ ಮೂರು ಸಂಖ್ಯೆ, ನಿಮ್ಮ ವೈದ್ಯರ ಸಂಖ್ಯೆ ಡ್ಯಾಶ್‌ಬೋರ್ಡಿನ ಮೇಲೆ ಬರೆದಿರಲಿ.

ಇಳಿದ ಮೇಲೆ

ಇಳಿಸಿದ ಕೂಡಲೇ ಜೀನು ಹಾಕಬೇಡಿ. ಹತ್ತು ಹದಿನೈದು ನಿಮಿಷ ಕೈಯಲ್ಲಿ ಹಿಡಿದು ಮೆಲ್ಲಗೆ ನಡೆಸಿ, ನೀರು ಕುಡಿಸಿ, ನೆಲದ ಮೇಲೆ ಹುಲ್ಲು ಹಾಕಿ ತಲೆ ತಗ್ಗಿಸಿ ತಿನ್ನಲು ಬಿಡಿ. ಕಾಲಿನ ಪಟ್ಟಿ ಬಿಚ್ಚಿ ಬಿಸಿ, ಊತ, ಗೀರು ನೋಡಿ. ಆರೋಗ್ಯವಂತ ಕುದುರೆಯ ಮೈಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ದೂರದಿಂದ ಬಂದದ್ದಾದರೆ ಎರಡು ಮೂರು ದಿನ ಬೆಳಿಗ್ಗೆ ಸಂಜೆ ಅಳೆಯಿರಿ. ಬಿಸಿ ಏರಿದರೆ, ಮೇವು ಬಿಟ್ಟರೆ, ಕೆಮ್ಮಿದರೆ, ಮಂಕಾಗಿ ನಿಂತರೆ ಮರುದಿನಕ್ಕೆ ಕಾಯದೆ ವೈದ್ಯರಿಗೆ ತೋರಿಸಿ.

ಗಾಡಿಯ ಗೋಡೆಯನ್ನೂ ಒಮ್ಮೆ ನೋಡಿ. ಒಂದೇ ಬದಿಯಲ್ಲಿ ಲಾಳದ ಗೀರುಗಳಿದ್ದರೆ ಕುದುರೆ ದಾರಿಯುದ್ದಕ್ಕೂ ಆ ಬದಿಗೆ ಜಾಗ ಹುಡುಕಿದೆ ಎಂದರ್ಥ. ಮುಂದಿನ ಸಲಕ್ಕೆ ಏನು ಬದಲಾಯಿಸಬೇಕೆಂದು ಕುದುರೆಯೇ ಅಲ್ಲಿ ಬರೆದಿಟ್ಟಿರುತ್ತದೆ.

ಮದುವೆ ಮನೆಯವರಿಗೆ ಒಂದು ಮಾತು

ಕುದುರೆ ಗೊತ್ತುಮಾಡುವಾಗ ನಾವು ಬಣ್ಣ ಕೇಳುತ್ತೇವೆ, ಅಲಂಕಾರ ಕೇಳುತ್ತೇವೆ, ದರ ಕಡಿಮೆ ಮಾಡಿ ಎನ್ನುತ್ತೇವೆ. ಇನ್ನು ಮುಂದೆ ಇನ್ನೆರಡು ಪ್ರಶ್ನೆ ಸೇರಿಸೋಣ: ಯಾವ ಗಾಡಿಯಲ್ಲಿ ಕರೆತರುತ್ತೀರಿ? ಕೆಳಗೆ ಏನು ಹಾಸಿರುತ್ತೀರಿ? ಮುಹೂರ್ತಕ್ಕೆ ಒಂದು ಗಂಟೆ ಮುಂಚೆಯೇ ಬರಲು ಹೇಳಿ, ಆ ಗಂಟೆಯ ಬಾಡಿಗೆ ನೀವೇ ಕೊಡಿ. ಮಂಟಪದ ಹಿಂದೆ ನೆರಳು, ಒಂದು ಬಕೆಟ್ ನೀರು ಏರ್ಪಾಟು ಮಾಡಿ. ಮೈಸೂರು ರಸ್ತೆಯಲ್ಲಿ ಕುದುರೆ ಗಾಡಿ ಕಂಡರೆ ಹಾರ್ನ್ ಹೊಡೆಯದೆ, ಮುಂದೆ ನುಗ್ಗಿ ಬ್ರೇಕ್ ಹಾಕದೆ, ಅಂತರ ಬಿಟ್ಟು ಸಾಗಿ. ನೀವು ಹೋಗಿ ತಲುಪುವುದು ಎರಡು ನಿಮಿಷ ತಡವಾಗಬಹುದು. ಆದರೆ ಆ ಗಾಡಿಯೊಳಗೆ ಹಿಡಿಯಲು ಕಂಬಿಯಿಲ್ಲದೆ, ಕೂರಲು ಸೀಟಿಲ್ಲದೆ, ನಾಲ್ಕು ಕಾಲೂರಿ ನಿಂತಿರುವ ಜೀವ ಊರು ತಲುಪುವವರೆಗೆ ಬೀಳದೆ ಉಳಿಯುತ್ತದೆ.